ಗಂಟೆ ಮುದುಕಿಯ ಏಳನೆಯ ಪುಸ್ತಕ

ನನಗೆ ಮೋಸ ಮಾಡಿದವನು ದೂರದಲ್ಲೆಲ್ಲೋ ಕೂತು ಮಾಡಲಿಲ್ಲ. ನನ್ನ ಎದುರಿಗೇ, ಒಂದೇ ಚಾಪೆಯ ಮೇಲೆ, ಒಂದೇ ತಾಟಿನ ಕಡಬು ತಿನ್ನುತ್ತ ಮಾಡಿದ. ಕಡಬು ಅವನ ತಾಯಿ ಮಾಡಿದ್ದು. ಅದರಲ್ಲಿ ಹೆಚ್ಚಿನ ಪಾಲು ತಿಂದದ್ದು ನಾನು. ಇದರಿಂದ ನನ್ನ ದೂರಿನ ತೂಕ ಸ್ವಲ್ಪ ಕಡಿಮೆಯಾಗುತ್ತದೆ ಎಂದು ಗೊತ್ತು. ಆದರೂ ದೂರು ದೂರೇ.

ನಾನು ಜಮಖಂಡಿಯವನು. ನೀರು ಶುದ್ಧ ಮಾಡುವ ಯಂತ್ರಗಳ ಸರ್ವಿಸ್ ಮಾಡುವುದು ನನ್ನ ನೌಕರಿ. ಬೈಕಿನ ಹಿಂದೆ ಫಿಲ್ಟರುಗಳ ಚೀಲ ಕಟ್ಟಿಕೊಂಡು ಒಂದು ದಿನ ಮುಧೋಳ, ಒಂದು ದಿನ ಬೀಳಗಿ, ಒಂದು ದಿನ ರಬಕವಿ-ಬನಹಟ್ಟಿ ಹೀಗೆ ತಿರುಗುತ್ತೇನೆ. ಊರೂರಿನ ಅಡುಗೆಮನೆ ಹೊಕ್ಕು, ಅವರ ನೀರಿನಲ್ಲಿ ಏನಿತ್ತು ಎಂದು ಅವರಿಗೇ ತೋರಿಸಿ, ಮುಖ ಕಿವುಚುವಂತೆ ಮಾಡಿ ಬರುವುದು ನನ್ನ ಕಸುಬು. ಹೀಗಾಗಿ ಭಯಾನಕ ಕಥೆಗಳ ಕಡೆಗೆ ನನಗೆ ಮೊದಲಿನಿಂದಲೂ ಒಲವಿತ್ತು ಎಂದು ಹೇಳಿಕೊಳ್ಳಬಹುದು. ನಿಜ ಸಂಗತಿ ಬೇರೆ. ಫೋನಿನಲ್ಲಿ ಸ್ಕ್ರೂಡ್ರೈವರ್ ಸೆಟ್ ತರಿಸಲು ಹೋಗಿ ಬೆರಳು ಜಾರಿ ಕೆಳಗಿನ ಚಿತ್ರದ ಮೇಲೆ ಬಿತ್ತು. ಮೂರು ದಿನ ಬಿಟ್ಟು ಪಾರ್ಸಲ್ ಒಡೆದರೆ ಒಳಗೆ ಒಂದು ಇಂಗ್ಲಿಷ್ ಕಾಮಿಕ್ಸ್. ಮುಖಪುಟದ ಮೇಲೆ ಬಾಗಿಲಷ್ಟು ದೊಡ್ಡ ಬಾಯಿ ತೆರೆದ ರಾಕ್ಷಸ. ವಾಪಸ್ ಕಳಿಸುವ ಮೊದಲು ಒಂದು ಪುಟ ನೋಡೋಣ ಎಂದು ತೆರೆದೆ. ಸ್ಕ್ರೂಡ್ರೈವರ್ ಸೆಟ್ ಇವತ್ತಿಗೂ ತರಿಸಿಲ್ಲ.

ಸರಣಿಯ ಕಥೆ ಇಷ್ಟು. ಐವರು ಬೇಟೆಗಾರರು ಊರೂರು ತಿರುಗುತ್ತ ರಾಕ್ಷಸರನ್ನು ಕೊಲ್ಲುತ್ತಾರೆ. ಆದರೆ ಈ ರಾಕ್ಷಸರು ಅಡವಿಯಿಂದ ಬರುವುದಿಲ್ಲ. ಮನೆಯವರೆಲ್ಲ ಸೇರಿ ಬಾಯಿ ಮುಚ್ಚಿಕೊಂಡಿರುವ ಸಂಗತಿ ಯಾವುದೋ ಇರುತ್ತದಲ್ಲ, ಅದೇ ಆ ಮನೆಯೊಳಗೆ ಬೆಳೆದು ರಾಕ್ಷಸನಾಗುತ್ತದೆ. ಬೇಟೆಗಾರರಿಗೆ ಒಂದು ನಿಯಮ. ಆ ಮನೆಯಲ್ಲಿ ಕೂತು ಊಟ ಮಾಡಿದ ಮೇಲೆಯೇ ಆಯುಧ ಮುಟ್ಟಬೇಕು. ಅವರ ನಾಯಕಿ ಒಬ್ಬ ಮುದುಕಿ. ಅವಳ ಮುಂಗೈಗೆ ನಾಲಿಗೆ ಇಲ್ಲದ ಒಂದು ಹಿತ್ತಾಳೆ ಗಂಟೆ. ರಾಕ್ಷಸ ಹತ್ತಿರ ಬಂದಾಗ ಅದು ತಾನಾಗಿಯೇ ಬಾರಿಸುತ್ತದೆ. ಇಡೀ ಸರಣಿ ಕಾಡಿಗೆಯ ಡಬ್ಬಿಯೊಳಗೆ ಕೂತು ಬರೆದಂತಿದೆ. ಅಷ್ಟು ಕಪ್ಪು. ಏಳು ಪುಸ್ತಕ.

ಇಂಥದ್ದನ್ನು ಓದಿ ಒಬ್ಬನೇ ಇರುವುದು ಆಗದ ಮಾತು. ನಾನು ಹೋದ ಮನೆಯಲ್ಲೆಲ್ಲ ಹೇಳತೊಡಗಿದೆ. ಬೀಳಗಿಯ ಒಂದು ಮನೆಯಲ್ಲಿ ಹಳೆಯ ಫಿಲ್ಟರ್ ಹೊರಗೆ ತೆಗೆದು, ಅದರ ಮೇಲಿನ ಕಂದು ಲೋಳೆ ತೋರಿಸಿ, ಮೂರನೆಯ ಪುಸ್ತಕದಲ್ಲಿ ಪೈಪಿನೊಳಗೆ ವಾಸಿಸುವ ರಾಕ್ಷಸ ಒಂದಿದೆ, ಹೆಚ್ಚು ಕಡಿಮೆ ಹೀಗೇ ಇರುತ್ತದೆ ಎಂದು ವಿವರಿಸಿದೆ. ಆ ಮನೆಯ ಮಕ್ಕಳು ಮಾರನೆಯ ದಿನದಿಂದ ನೆರೆಮನೆಯಲ್ಲಿ ನೀರು ಕುಡಿಯತೊಡಗಿದರು. ಆಮೇಲೆ ನೆರೆಮನೆಯ ಮಕ್ಕಳಿಗೂ ಸುದ್ದಿ ಮುಟ್ಟಿ, ಅವರು ಇವರ ಮನೆಗೆ ಬರತೊಡಗಿದರು. ನಮ್ಮ ಸಾಹೇಬರು ಫೋನ್ ಮಾಡಿ ಕೇಳಿದರು.

"ನೀ ನೀರ ಸ್ವಚ್ಛ ಮಾಡಾಕ ಹೋಗಿದ್ದ್ಯೋ, ಹುಡುಗರನ್ನ ಹೆದರಸಾಕ ಹೋಗಿದ್ದ್ಯೋ?"

"ಎರಡೂ ಆತ್ರಿ ಸರ," ಎಂದೆ. ಆ ತಿಂಗಳು ಬೀಳಗಿಯ ಕೆಲಸ ಬೇರೆಯವನಿಗೆ ಹೋಯಿತು.

ಸಮೀರವಾಡಿಯಲ್ಲಿ ಒಬ್ಬ ಹಿರಿಯರು ಮಾತ್ರ ಪುಸ್ತಕವನ್ನು ಕೈಗೆ ತೆಗೆದುಕೊಂಡು, ಕನ್ನಡಕ ಏರಿಸಿ, ಪುಟ ತಿರುವಿ ತಿರುವಿ ನೋಡಿದರು. ಅಂತೂ ಒಬ್ಬ ಓದುಗ ಸಿಕ್ಕ ಎಂದು ನನ್ನ ಎದೆ ಉಬ್ಬಿತು. ಅವರು ಪುಸ್ತಕ ಮುಚ್ಚಿ, "ಎಲ್ಲಾ ಛಲೋ ಐತಿ. ಇದರಾಗ ದೇವರು ಯಾವ ಪುಟಕ್ಕ ಬರತಾನ?" ಎಂದು ಕೇಳಿದರು.

ಕೊನೆಗೆ ನನಗೆ ಸಿಕ್ಕವನು ಬನಹಟ್ಟಿಯ ಗೆಳೆಯ. ಐಟಿಐಯಲ್ಲಿ ಒಂದೇ ಬೆಂಚಿನ ಮೇಲೆ ಕೂತವರು ನಾವು. ಈಗ ಅವನು ಮನೆಯಲ್ಲೇ ಪವರ್‌ಲೂಮ್ ನಡೆಸುತ್ತಾನೆ. ನೂಲಿನ ಬಂಡಲ್ಲಿನ ಮೇಲಿನ ಚೀಟಿ ಬಿಟ್ಟರೆ ಬೇರೇನನ್ನೂ ಪೂರ್ತಿ ಓದಿದವನಲ್ಲ. ಆದರೆ ಮೊದಲ ಪುಸ್ತಕದ ಚಿತ್ರಗಳನ್ನು ನೋಡಿದವನೇ, "ಮುಂದ ಏನಾತು ಹೇಳಲೇ," ಎಂದ. ಅಷ್ಟು ಸಾಕಿತ್ತು ನನಗೆ.

ಸಮಸ್ಯೆ ಎಂದರೆ ಅವರ ಮನೆಯಲ್ಲಿ ಮಾತು ಕೇಳಿಸುವುದಿಲ್ಲ. ನಡುಮನೆಯ ಗೋಡೆಯಾಚೆಗೇ ಮಗ್ಗಗಳು. ಅವು ನಡೆಯುತ್ತಿರುವಾಗ ಆ ಮನೆಯವರು ಹುಬ್ಬು ಮತ್ತು ಕೈಬೆರಳುಗಳಿಂದ ಸಂಸಾರ ಮಾಡುತ್ತಾರೆ. ಚಹಾ ಬೇಕೆಂದರೆ ಒಂದು ಹುಬ್ಬು, ಸಕ್ಕರೆ ಬೇಡವೆಂದರೆ ಎರಡು. ಅಲ್ಲಿ ಕೂತು ಇಂಗ್ಲಿಷ್ ಕಥೆಯನ್ನು ನಮ್ಮ ಮಾತಿಗೆ ತಿರುಗಿಸಿ ಹೇಳುವುದು ಸಾಧ್ಯವಿರಲಿಲ್ಲ. ಆದರೆ ಅಮಾವಾಸ್ಯೆಯ ದಿನ ಅವರ ಓಣಿಯಲ್ಲಿ ಮಗ್ಗ ನಡೆಸುವುದಿಲ್ಲ. ಮಗ್ಗಕ್ಕೆ ಊದುಬತ್ತಿ ಬೆಳಗಿ, ಕಾಯಿ ಒಡೆದು, ಕಡಬು ಮಾಡಿ ಸುಮ್ಮನಿರುತ್ತಾರೆ. ಹೀಗಾಗಿ ನಮ್ಮ ರಾಕ್ಷಸರ ಓದು ಪ್ರತಿ ಅಮಾವಾಸ್ಯೆಗೆ ಎಂದು ತಾನಾಗಿಯೇ ನಿಕ್ಕಿಯಾಯಿತು. ನಾನೂ ಆ ದಿನ ಬನಹಟ್ಟಿಯ ಕೆಲಸ ಹಾಕಿಸಿಕೊಳ್ಳುತ್ತಿದ್ದೆ.

ಇದು ನಮಗೆ ಅನುಕೂಲದ ದಿನವಷ್ಟೇ. ಆದರೆ ಅಮಾವಾಸ್ಯೆ ದಿನ ಇಬ್ಬರು ಗಂಡುಹುಡುಗರು ಬಾಗಿಲು ಮುಂದೆ ಮಾಡಿಕೊಂಡು, ರಕ್ತ, ಹಲ್ಲು, ಯಾರನ್ನು ಮೊದಲು ಕೊಲ್ಲಬೇಕು ಎಂದೆಲ್ಲ ಮಾತಾಡುವುದನ್ನು ಹೊರಗಿನಿಂದ ಕೇಳಿದ ತಾಯಿಗೆ ಏನನಿಸಬೇಕು? ಮೊದಲ ಸಲ ಅವನ ತಾಯಿ ಲಿಂಬೆಹಣ್ಣು ಹಿಡಿದುಕೊಂಡೇ ಒಳಗೆ ಬಂದರು.

"ಏನ ನಡಸೀರಿ ಇಲ್ಲಿ?"

"ಏನಿಲ್ಲ ಬೇ, ಕಥಿ ಪುಸ್ತಕ," ಎಂದೆ.

ಅವರು ಮುಖಪುಟ ನೋಡಿದರು. ಬಾಯಿ ತೆರೆದ ರಾಕ್ಷಸ ಅವರನ್ನು ನೋಡಿತು. "ಇಂವನ್ಯಾಕ ಇಷ್ಟ ಹಸದಾನ?" ಎಂದು ಕೇಳಿ, ಲಿಂಬೆಹಣ್ಣನ್ನು ನನ್ನ ತಲೆಯ ಸುತ್ತ ಇಳಿಸಿ ಹೋದರು. ಮಗನಿಗೆ ಇಳಿಸಲಿಲ್ಲ. ಆ ಮನೆಯಲ್ಲಿ ಕೆಟ್ಟದ್ದು ಯಾರಿಂದ ಬರುತ್ತದೆ ಎಂಬ ಬಗ್ಗೆ ಅವರಿಗೆ ಸಂಶಯವಿರಲಿಲ್ಲ.

ನಾನು ಕಥೆ ಹೇಳುವ ರೀತಿ ನನ್ನದೇ. ಬೇಟೆಗಾರರೆಲ್ಲ ನಮ್ಮಂತೆಯೇ ಮಾತಾಡುತ್ತಿದ್ದರು. ಗಂಟೆ ಮುದುಕಿ ರಾಕ್ಷಸನ ಮನೆಯ ಹೊಸ್ತಿಲಲ್ಲಿ ನಿಂತು, "ಏನವ್ವಾ, ಊಟಕ್ಕ ಏನ ಮಾಡೀ? ರೊಟ್ಟಿ ಬಿಸಿ ಅದಾವೋ, ನಿನ್ನೀವೋ?" ಎನ್ನುತ್ತಿದ್ದಳು. ಮೂಲದಲ್ಲಿ ಆ ಪುಟದಲ್ಲಿ ಮಾತೇ ಇಲ್ಲ. ಬರೀ ಮಳೆ ಮತ್ತು ಮುಚ್ಚಿದ ಬಾಗಿಲು. ಗೆಳೆಯ ಬಿದ್ದು ಬಿದ್ದು ನಗುತ್ತಿದ್ದ. ಪುಟ ತಿರುವಿದಾಗ ರಾಕ್ಷಸ ಬಂದರೆ ಬೆಚ್ಚಿ ನನ್ನ ಹೆಗಲ ಮೇಲೆ ಬೀಳುತ್ತಿದ್ದ, ಆಮೇಲೆ ಮತ್ತೆ ನಗು. ಒಂದೊಂದು ಅಮಾವಾಸ್ಯೆಗೆ ಅರ್ಧರ್ಧ ಪುಸ್ತಕ. ಹೀಗೆ ಆರು ಪುಸ್ತಕ ಮುಗಿದವು.

ಆರನೆಯದರ ಕೊನೆಯ ಪುಟದಲ್ಲಿ ಐವರೂ ಬಯಲಿನಲ್ಲಿ ಬೆಂಕಿ ಹಾಕಿಕೊಂಡು ಕೂತಿದ್ದಾರೆ. ಸುತ್ತ ಹರದಾರಿಗಟ್ಟಲೆ ಮನೆಯಿಲ್ಲ, ಮನುಷ್ಯರಿಲ್ಲ. ಆಗ ಮುದುಕಿಯ ಕೈಯ ಗಂಟೆ ಬಾರಿಸುತ್ತದೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ಅಂದರೆ ರಾಕ್ಷಸ ಆ ಐವರಲ್ಲೇ ಒಬ್ಬ. ಏಳನೆಯದು ಆಗಿನ್ನೂ ಬಂದಿರಲಿಲ್ಲ.

ನಾನು, ಅಡುಗೆ ಮಾಡುವ ಬೇಟೆಗಾರನೇ ರಾಕ್ಷಸ ಎಂದೆ. ಅವನು ಮೂಕ ಬೇಟೆಗಾರ ಎಂದ. ವಾದ ಮಾಡಿ ಮಾಡಿ ದಣಿದು, ಒಂದು ಒಪ್ಪಂದಕ್ಕೆ ಬಂದೆವು. ಏಳನೆಯ ಪುಸ್ತಕವನ್ನು ಯಾರೂ ಒಬ್ಬನೇ ಓದಬಾರದು. ಅಮಾವಾಸ್ಯೆಗೆ, ಇದೇ ಚಾಪೆಯ ಮೇಲೆ, ಕೂಡಿಯೇ ಓದಬೇಕು.

"ಆಣಿ ಮಾಡ," ಎಂದೆ.

ಅವನು ಎದ್ದು ಹೋಗಿ ಮಗ್ಗದ ಮೇಲೆ ಕೈಯಿಟ್ಟು, "ಮಗ್ಗ ಮುಟ್ಟಿ ಹೇಳತೇನಿ, ನಾ ಓದೂದಿಲ್ಲ," ಎಂದ. ಅನ್ನ ಕೊಡುವ ಮಗ್ಗ ಮುಟ್ಟಿ ಆಣೆ ಮಾಡಿದ ಮೇಲೆ ಅವರಲ್ಲಿ ಎರಡನೆಯ ಮಾತಿಲ್ಲ. ನನಗೆ ಮುಟ್ಟಲು ಅಂಥದ್ದೇನೂ ಇರಲಿಲ್ಲ. ಚೀಲದಿಂದ ಒಂದು ಹೊಸ ಫಿಲ್ಟರ್ ತೆಗೆದು ಅದನ್ನೇ ಮುಟ್ಟಿದೆ.

ಆ ನಡುವೆ ಅವನಿಗೆ ಮುಧೋಳದ ಹುಡುಗಿಯ ಜೊತೆ ಮದುವೆ ನಿಶ್ಚಯವಾಯಿತು. ಹುಡುಗಿ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಇವನು ದಿನಾ ಫೋನ್ ಮಾಡುತ್ತಿದ್ದ, ದಿನಾ ಸೋಲುತ್ತಿದ್ದ.

"ಊಟ ಆತೇನು ಅಂತ ಕೇಳತೇನಿ. ಆತು ಅಂತಾಳ. ಮುಂದ ಏನ ಕೇಳಬೇಕೋ ಗೊತ್ತಾಗವಲ್ದು," ಎಂದು ನನ್ನ ಮುಂದೆ ಅತ್ತುಕೊಂಡ.

"ನಾಷ್ಟಾ ಕೇಳ."

"ಅದು ಮುಂಜಾನಿನ ಕೇಳಿರತೇನಿ."

ಆಗ ನನ್ನ ತಲೆಯಲ್ಲಿ ಆ ಮಹಾ ಯೋಚನೆ ಹೊಳೆಯಿತು. ಇವತ್ತು ಅದನ್ನು ನೆನೆದರೆ ನನ್ನ ಬಾಯಿಗೇ ಒಂದು ಫಿಲ್ಟರ್ ಹಾಕಿಸಬೇಕಿತ್ತು ಅನಿಸುತ್ತದೆ. "ಆ ಪುಸ್ತಕ ಆಕಿಗೂ ಓದಾಕ ಕೊಡೂಣು. ಮಾತಾಡಾಕ ಆರು ಪುಸ್ತಕದಷ್ಟ ವಿಷಯ ಸಿಗತೈತಿ," ಎಂದೆ. ಆರನ್ನೂ ಚೀಲಕ್ಕೆ ತುಂಬಿಕೊಂಡು, ಮುಧೋಳದ ಕೆಲಸದ ದಿನ ನಾನೇ ಅವರ ಮನೆಗೆ ಹೋದೆ. ಹುಡುಗಿಯ ತಂದೆ ಮೇಲಿನ ಪುಸ್ತಕ ಎತ್ತಿಕೊಂಡು, "ಏನ್ರಿ ಇದು?" ಎಂದರು.

"ಅಧ್ಯಾತ್ಮ ರೀ. ಮನಿಯೊಳಗಿನ ಕೆಟ್ಟದ್ದನ್ನ ಹೊರಗ ಹಾಕೂದು ಹ್ಯಾಂಗ ಅಂತ."

ಅವರು ಗೌರವದಿಂದ ಪುಸ್ತಕವನ್ನು ದೇವರ ಜಗುಲಿಯ ಬದಿಗೆ ಇಟ್ಟರು. ನಾನು ಹುಡುಗಿಯ ಮುಂದೆ ಬೇಟೆಗಾರರ ಗುಣಗಾನ ಶುರು ಮಾಡಿದೆ. ಯಾರು ಹೇಗೆ, ಯಾವ ಪುಟದಲ್ಲಿ ನಿಲ್ಲಬೇಕು, ಎಲ್ಲಿ ನಗಬೇಕು, ಎಲ್ಲ ಹೇಳಿದೆ. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ಏನನ್ನೂ ಶಿಫಾರಸು ಮಾಡಿರಲಿಲ್ಲ. ಮುಂದಿನ ವಾರ ಹೋದಾಗ ಆರೂ ಮುಗಿದಿದ್ದವು.

"ಅಣ್ಣಾರ, ಗಂಟಿ ಮುದುಕಿ ಒಂದ ಪುಟದಾಗೂ ನಗೂದಿಲ್ಲ. ನೀವು ನೋಡೀರೇನು?" ಎಂದು ಕೇಳಿದಳು. ನಾನು ನೋಡಿರಲಿಲ್ಲ. "ಹೌದೌದು, ಅದ ಮುಖ್ಯ," ಎಂದೆ.

ಏಳನೆಯ ಪುಸ್ತಕ ಬಂತು. ಅಮಾವಾಸ್ಯೆಗೆ ಇನ್ನೂ ಮೂರು ವಾರ. ಪಾರ್ಸಲ್ ಒಡೆಯದೆ ಕಪಾಟಿನ ಮೇಲಿಟ್ಟೆ. ಮಲಗಿದಾಗ ಅದೇ ಕಾಣುತ್ತಿತ್ತು. ಗೋಡೆಯ ಕಡೆ ತಿರುಗಿ ಮಲಗಿದೆ. ಆಗ ಬೆನ್ನಿಗೆ ಕಾಣುತ್ತಿತ್ತು. ಕೊನೆಗೆ ನನ್ನ ಅವ್ವನ ಕೈಗೆ ಕೊಟ್ಟು, "ಎಲ್ಲೆರ ಬಚ್ಚಿಡು. ನಾ ಅತ್ತು ಕೇಳಿದರೂ ಕೊಡಬ್ಯಾಡ," ಎಂದೆ. ಅವ್ವ ಎಷ್ಟು ಚೆನ್ನಾಗಿ ಬಚ್ಚಿಟ್ಟಳೆಂದರೆ, ಅಮಾವಾಸ್ಯೆಯ ಬೆಳಿಗ್ಗೆ ಅದು ಅವಳಿಗೂ ಸಿಗಲಿಲ್ಲ. ಮನೆಮಂದಿಯೆಲ್ಲ ಸೇರಿ ಹುಡುಕಿದೆವು. ಜೋಳದ ಹಿಟ್ಟಿನ ಡಬ್ಬಿಯ ತಳದಲ್ಲಿತ್ತು. ಹಿಟ್ಟು ಮೆತ್ತಿದ ಪಾರ್ಸಲ್ಲನ್ನು ಎದೆಗೆ ಅವುಚಿಕೊಂಡು ಬನಹಟ್ಟಿಗೆ ಹೊರಟೆ. ಇಷ್ಟು ದಿನ ಬಾಯಿ ಕಟ್ಟಿದ್ದೆ, ಕಣ್ಣು ಕಟ್ಟಿದ್ದೆ. ಯಾರೂ ನನ್ನ ಮೇಲೆ ಕಾವಲು ಹಾಕಿರಲಿಲ್ಲ. ಅವನೂ ಹಾಗೆಯೇ ಕಾಯುತ್ತಿದ್ದಾನೆ ಎಂಬ ನಂಬಿಕೆಯೊಂದೇ ನನ್ನನ್ನು ತಡೆದಿತ್ತು.

ಮಗ್ಗಗಳು ಸುಮ್ಮನಿದ್ದವು. ಊದುಬತ್ತಿಯ ವಾಸನೆ. ಚಾಪೆ, ಕಡಬು, ಪುಸ್ತಕ. ಓದತೊಡಗಿದೆ. ಮುದುಕಿಗೆ ಮಾತು ಕೊಟ್ಟೆ, ಮೂಕನಿಗೂ ಕೊಟ್ಟೆ. ಗೆಳೆಯ ನಕ್ಕ, ಆದರೆ ಅಂಗಡಿಯವನು ಪರಿಚಯದ ಗಿರಾಕಿಗೆ ನಗುವಂತೆ ನಕ್ಕ. ಒಂದು ಕಡೆ ನಾನು ಪುಟ ತಿರುವುವ ಮೊದಲೇ ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿದ. ತಿರುವಿದೆ. ನೋಡಲಾಗದಂಥ ಸಾವೊಂದು ಆ ಪುಟದಲ್ಲಿತ್ತು. ಕಡಬಿನ ಹೂರಣ ಬಿಸಿಯಿರಬೇಕು, ಅದಕ್ಕೆ ಮುಖ ತಿರುಗಿಸಿದ ಎಂದುಕೊಂಡೆ. ಇನ್ನೊಂದು ಕಡೆ ತಿರುವುವ ಮೊದಲೇ, "ತಡಿ," ಎಂದು ಕೈ ಒರೆಸಿಕೊಂಡ. ತಿರುವಿದೆ. ಎರಡು ಪುಟಗಳನ್ನು ತುಂಬಿ ನಿಂತ ರಾಕ್ಷಸ. ಕಡಬು ತಣ್ಣಗಾಗಿತ್ತು.

ಪರೀಕ್ಷೆ ಮಾಡಿಯೇ ಬಿಡೋಣ ಎಂದು ಪುಸ್ತಕವನ್ನು ನನ್ನ ಕಡೆಗಷ್ಟೇ ಕಾಣುವಂತೆ ಹಿಡಿದು, ಇನ್ನೂ ತಿರುವಿರದ ಪುಟಗಳನ್ನು ಓದಿದವನಂತೆ ನಟಿಸಿ, ಸುಳ್ಳು ಹೇಳಿದೆ.

"ಸಿಕ್ಕ ನೋಡಲೇ. ಅಡಗಿ ಮಾಡಾಂವನ ರಾಕ್ಷಸ. ಕಣ್ಣ ಕೆಂಪಾದ್ವು, ಬಾಯಾಗಿಂದ ಹೊಗಿ ಬರಾಕತ್ತು. ಗಂಟಿ ಬಾರಿಸಿದ್ದು ಇಂವಗ."

"ಏ, ಅಂವ ಎಲ್ಲಿ ರಾಕ್ಷಸಲೇ," ಎಂದ ಗೆಳೆಯ, ತಪ್ಪು ಲೆಕ್ಕ ಮಾಡಿದ ಹುಡುಗನಿಗೆ ಮಾಸ್ತರರು ಅನ್ನುವಂತೆ. ಆಮೇಲೆ ಖರೆ ರಾಕ್ಷಸ ಯಾರು, ಅವರೊಳಗೆ ಅದು ಹೇಗೆ ಬೆಳೆಯಿತು, ಕೊನೆಯ ಪುಟದಲ್ಲಿ ಗಂಟೆ ಏನಾಗುತ್ತದೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ.

ಬಲೆ ಕೆಲಸ ಮಾಡಿತ್ತು. ಕಳ್ಳ ಸಿಕ್ಕಿದ್ದ. ಬಲೆ ಹಾಕುವಾಗ ನಾನು ಮರೆತದ್ದು ಒಂದೇ. ಆ ಪುಟಗಳನ್ನು ನಾನೂ ಇನ್ನೂ ಓದಿರಲಿಲ್ಲ.

ಮಗ್ಗ ನಿಂತ ಮನೆಯಲ್ಲಿ ಮಾತೂ ನಿಂತರೆ ಎಷ್ಟು ಸ್ತಬ್ಧವಾಗಿರುತ್ತದೆ ಎಂದು ಆಗ ತಿಳಿಯಿತು. ಪಕ್ಕದ ಮನೆಯ ಸಾರು ಕುದಿಯುವುದು ಕೇಳುತ್ತಿತ್ತು.

"ಯಾವಾಗ ಓದಿದಿ?" ಎಂದೆ.

"ಓದಿಲ್ಲಲೇ."

"ಮತ್ತ ಹ್ಯಾಂಗ ಗೊತ್ತು?"

ಅವನು ಕಡಬಿನ ಅಂಚು ಮುರಿದ. "ಆಕಿ ಫೋನಿನಾಗ ತರಿಸಿದ್ಳು. ಓದಿ ಹೇಳಿದ್ಳು."

"ಮಗ್ಗ ಮುಟ್ಟಿ ಆಣಿ ಮಾಡಿದ್ದಿ."

"ಓದೂದಿಲ್ಲ ಅಂತ ಮಾಡಿದ್ದೆ. ಕೇಳೂದಿಲ್ಲ ಅಂತ ಎಲ್ಲಿ ಅಂದಿದ್ದೆ?"

"ನಿಮ್ಮ ಮಗ್ಗಕ್ಕ ವಕೀಲ ಬ್ಯಾರೆ ಹಚ್ಚೀರೇನು?"

ಅವನು ನಕ್ಕ. ನಾನು ನಗಲಿಲ್ಲ. ನಾನು ನಗದೆ ಇದ್ದದ್ದನ್ನು ಅವನು ಅದೇ ಮೊದಲು ನೋಡಿದ್ದು. ಅವನ ಮುಖವೂ ಇಳಿಯಿತು.

"ಆಕಿ ಒಂದ ಪುಟ ಅಂದ್ಳು. ಆಮ್ಯಾಲ ಬ್ಯಾಡ ಅನ್ನಾಕ ಆಗಲಿಲ್ಲೋ."

"ಯಾಕ ಆಗಲಿಲ್ಲ? ಹುಬ್ಬ ಇದ್ದುವಲ್ಲ."

"ಹೆದರಿಕಿ ಬಂತು," ಎಂದ. ಮುರಿದ ಕಡಬನ್ನು ತಾಟಿಗೆ ಹಾಕಿ, "ನೀ ಹೇಳುವಾಗ ಬರೇ ನಗು ಬರತಿತ್ತಲೇ. ಇದು ಹೆದರಿಕಿ ಕಥಿ ಅಂತ ನನಗ ಮೊನ್ನೆನ ಗೊತ್ತಾತು. ಆಕಿ ಓದುವಾಗ ಲೂಮ್ ಬಂದ್ ಮಾಡಿ ಕುಂತಿದ್ದೆ ನಾ," ಎಂದ.

ಅಮಾವಾಸ್ಯೆ ಅಲ್ಲದ ದಿನ ಮಗ್ಗ ನಿಲ್ಲಿಸಿದ್ದ. ನನ್ನ ಆರು ಪುಸ್ತಕಗಳಿಗಾಗಿ ಅವನು ಒಂದು ದಿನವೂ ನಿಲ್ಲಿಸಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಕೇಳಬಹುದು ಎಂದೇ ಗೊತ್ತಿರಲಿಲ್ಲ. ಮೋಸದಲ್ಲಿ ಚೂಪಾದ ಭಾಗ ಅದೇ ಆಗಿತ್ತು. ಅವನು ನನ್ನ ಹೆಗಲ ಮೇಲೆ ಬಿದ್ದಾಗಲೆಲ್ಲ ನಾವಿಬ್ಬರೂ ಒಂದೇ ಭಯದಲ್ಲಿದ್ದೇವೆ, ಅದಕ್ಕೇ ನಗುತ್ತಿದ್ದೇವೆ ಎಂದುಕೊಂಡಿದ್ದೆ. ಅವನು ಬರೀ ನಗುತ್ತಿದ್ದನಂತೆ. ಆ ಕತ್ತಲಲ್ಲಿ ನಾನೊಬ್ಬನೇ ಇದ್ದೆ.

ಅವನ ತಾಯಿ ಒಳಗೆ ಬಂದರು. "ಯಾಕ, ಸುಮ್ನ ಕುಂತೀರಿ? ಜಗಳ ಆಡೀರೇನು?"

"ಇಲ್ಲ ಬೇ. ನಿಮ್ಮ ಮನ್ಯಾಗ ರಾಕ್ಷಸ ಸಿಕ್ಕತು."

"ಅಮಾಸಿ ದಿನ ಹಂಗೆಲ್ಲ ಅನಬಾರದಪಾ," ಎಂದು ತಾಟಿನಲ್ಲಿ ನನ್ನ ಬದಿಗೆ ಮತ್ತೆರಡು ಕಡಬು ಹಾಕಿದರು. ಅಂಥ ಅವಮಾನದ ಗಳಿಗೆಯಲ್ಲಿ ಮಾನವಂತನಾದವನು ತಾಟು ಸರಿಸಿ ಏಳುತ್ತಾನೆ. ನಾನು ತಿಂದು ಎದ್ದೆ. ಪುಸ್ತಕ ಬಗಲಿಗಿಟ್ಟುಕೊಂಡು, ಹಿಂತಿರುಗಿ ನೋಡದೆ ಹೊರಗೆ ಬಂದು ಬೈಕ್ ಹತ್ತಿದೆ. ಕೀಲಿ ಒಳಗೆ ಚಾಪೆಯ ಮೇಲಿತ್ತು. ಮತ್ತೆ ಒಳಗೆ ಹೋದೆ. ಅವನು ಕೀಲಿ ಕೊಟ್ಟ. ಮತ್ತೊಮ್ಮೆ ಹಿಂತಿರುಗಿ ನೋಡದೆ ಬಂದೆ. ಎರಡನೆಯ ಸಲ ಅದು ಅಷ್ಟು ಕಳೆಗಟ್ಟಲಿಲ್ಲ.

ಉಳಿದ ಪುಟಗಳನ್ನು ಮಾರನೆಯ ದಿನ ಮುಧೋಳದ ದಾರಿಯಲ್ಲಿ, ಕಬ್ಬಿನ ಹೊಲದ ಬದುವಿನ ಮೇಲೆ ಕೂತು ಓದಿದೆ. ಯಾರಿಗೂ ಮಾತು ಕೊಡಲಿಲ್ಲ. ಚಿತ್ರಗಳು ಅದ್ಭುತವಾಗಿದ್ದವು. ಗಂಟೆಯ ಪುಟ ಬಂತು. ಎದೆ ಹೊಡೆದುಕೊಳ್ಳಬೇಕಾಗಿತ್ತು, ಹೊಡೆದುಕೊಳ್ಳಲಿಲ್ಲ. ಯಾರು ಎಂದು ನನಗೆ ಗೊತ್ತಿತ್ತಲ್ಲ. ಬಸ್ಸು ಹೋದ ಮೇಲೆ ಬಸ್‌ಸ್ಟ್ಯಾಂಡಿಗೆ ಬಂದವನಂತೆ ಆ ಪುಟದ ಮುಂದೆ ಕೂತಿದ್ದೆ. ಒಂದು ಕಥೆಗೆ ಒಂದೇ ಸಲ ಬೆಚ್ಚಬಹುದು. ನನ್ನ ಪಾಲಿನ ಬೆಚ್ಚುವಿಕೆಯನ್ನು ಅವನು ಫೋನಿನಲ್ಲಿ ಕೇಳಿ ಖರ್ಚು ಮಾಡಿ ಬಂದಿದ್ದ.

ಇಷ್ಟಾದರೂ ಸರಣಿಯ ಮೇಲೆ ನನಗೆ ಸಿಟ್ಟಿಲ್ಲ. ಕತ್ತಲೆಯ ಕಥೆಗಳೆಂದರೆ ಜೀವ ಬಿಡುವವರು ನೀವಾಗಿದ್ದರೆ ಖಂಡಿತ ಓದಿ. ಮೂರನೆಯ ಪುಸ್ತಕ ಸ್ವಲ್ಪ ಎಳೆಯುತ್ತದೆ, ತಾಳಿಕೊಳ್ಳಿ. ನಾಲ್ಕನೆಯದನ್ನು ಊಟಕ್ಕೆ ಮೊದಲು ಓದಬೇಡಿ, ಊಟ ಆದ ಮೇಲೂ ಬೇಡ. ಆ ಐವರಲ್ಲಿ ಯಾರು ಎಂದು ನಾನಂತೂ ಬರೆಯುವುದಿಲ್ಲ. ಬನಹಟ್ಟಿಯಲ್ಲಿ ಒಬ್ಬನಿದ್ದಾನೆ, ಅವನು ಕೇಳದೆಯೇ ಹೇಳುತ್ತಾನೆ.

ಮೊನ್ನೆ ಅವನು ಫೋನ್ ಮಾಡಿದ್ದ. ಹಿಂದೆ ಮಗ್ಗಗಳ ಸದ್ದು. ಅವುಗಳ ಮೇಲೆ ದನಿ ಏರಿಸಿ ಕೂಗಿದ. "ಲೇ, ಇನ್ನೂ ಸಿಟ್ಟೇನು? ಮದುವಿ ಆದ ಮ್ಯಾಲ ಆಕಿನೂ ಇಲ್ಲೇ ಇರತಾಳ. ಅಮಾಸಿಗೆ ಮೂರೂ ಮಂದಿ ಕೂಡಿ ಹೊಸಾದು ಓದೂಣು. ಯಾವದು ಅಂತ ನೀನ ಆರಿಸಬೇಕು, ಅದು ಮತ್ತ ಯಾರಿಗೂ ಆಗೂದಿಲ್ಲ. ಈ ಸಲ ಯಾರೂ ಮೊದಲ ಓದೂದಿಲ್ಲ, ಕೇಳೂದಿಲ್ಲ, ನೋಡೂದಿಲ್ಲ. ಆತಿಲ್ಲೋ?"

"ಆತು," ಎಂದೆ.

ಹೊಸದನ್ನು ಆಗಲೇ ಆರಿಸಿಟ್ಟಿದ್ದೇನೆ. ಇದೂ ರಾಕ್ಷಸರ ಬೇಟೆಯದೇ, ಮೊದಲಿನದಕ್ಕಿಂತ ಕಪ್ಪು. ಕೊನೆಯ ಪುಟದವರೆಗೂ ಓದಿ ಮುಗಿಸಿದ್ದೇನೆ. ಅವರಿಬ್ಬರಿಗೂ ಹೇಳಿಲ್ಲ. ಈಗ ದಿನಾ ಮುಖ ತೊಳೆಯುವಾಗ, ಕನ್ನಡಿಯ ಮುಂದೆ ನಿಂತು, ಬೆಚ್ಚಿ ಬೀಳುವುದನ್ನು ಅಭ್ಯಾಸ ಮಾಡುತ್ತಿದ್ದೇನೆ.